ಕುಲುಮೆ ಕಟ್ಟೆಯ ಮಾತು

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಹೊರಟವರಿಗೆ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ ದಾಟಿದ ಮೇಲೆ ಕರ್ನಾಟಕದ ಕೊನೆಯ ಪಟ್ಟಣವಾಗಿ ಸಿಗುವುದು ಅತ್ತಿಬೆಲೆ. ಆನೇಕಲ್ ತಾಲೂಕಿನ ಈ ಊರನ್ನು ಹೆಚ್ಚಿನವರು ಬಲ್ಲುದು ಗಡಿ, ಸಾಲುಗಟ್ಟಿದ ಲಾರಿಗಳು ಮತ್ತು ಕೈಗಾರಿಕಾ ಪ್ರದೇಶದ ಮೂಲಕ. ಕಬ್ಬಿಣದ ಕೆಲಸವೆಂದರೆ ಇಲ್ಲಿ ಈಗ ಲೇತ್, ಗ್ರೈಂಡಿಂಗ್, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ. ಇಂಥ ಊರಿನಲ್ಲಿ ಕುಲುಮೆ ಹುಡುಕಿಕೊಂಡು ಹೋದ ನಮ್ಮನ್ನು ಚಹಾ ಅಂಗಡಿಯವರು ಒಂದು ಬಗೆಯ ಕನಿಕರದಿಂದಲೇ ನೋಡಿದರು. ಆದರೂ ದಾರಿ ತೋರಿಸಿದರು.

ತಗಡಿನ ಮಾಡು, ನೆಲದಲ್ಲಿ ಅರ್ಧ ಹೂತ ಮರದ ದಿಮ್ಮಿಯ ಮೇಲೆ ಅಡಿಗಲ್ಲು, ತೊಗಲಿನ ತಿದಿ ಇದ್ದ ಜಾಗದಲ್ಲಿ ಕರೆಂಟಿನ ಬ್ಲೋಯರ್. ಭಾನುವಾರದ ಸಂಜೆ. ಒಲೆಯ ಮುಂದೆ ಮೂವರಿದ್ದರು. ಒಬ್ಬರು ಕುಲುಮೆಯ ಯಜಮಾನರಾದ ವೃದ್ಧ ಆಚಾರಿ. ಇನ್ನೊಬ್ಬರು ಲಾರಿಗಳ ಕಮಾನ್ ಪಟ್ಟಾ ಕಟ್ಟುವ ಮುಸ್ಲಿಮ್ ಮೆಕ್ಯಾನಿಕ್. ಅವರ ಅಂಗಡಿ ಹೆದ್ದಾರಿ ಬದಿಯಲ್ಲಿ. ಮೂರನೆಯವನು ಯಾವುದೋ ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಯುವಕ. ಕುಲುಮೆಯಿಂದ ಹೊಟ್ಟೆ ಹೊರೆಯಬೇಕಾದ ಅಗತ್ಯ ಅವನಿಗಿಲ್ಲ. ಇದ್ದಿಲಿನ ಖರ್ಚು ಕೊಟ್ಟು, ಹಳೆಯ ಪಟ್ಟಾದ ತುಂಡೊಂದನ್ನು ಚಾಕುವಾಗಿ ಬಡಿಯಲು ರಜೆಯ ದಿನಗಳಲ್ಲಿ ಬರುತ್ತಾನೆ.

"ಆಚಾರ್ರೇ, ಈ ಕೆಂಪು ಸಾಕಾ?"

"ಇನ್ನೂ ಇಲ್ಲ ಕಣಪ್ಪ. ಬೆಳಕಲ್ಲಿ ನೋಡಬೇಡ, ನೆರಳಿಗೆ ತಂದು ನೋಡು."

"ಲಾರಿ ಪಟ್ಟಾ ಅದು ತಮ್ಮಾ, ನೀರಿಗೆ ಹಾಕಬೇಡ. ಬಿರಿದು ಹೋಗ್ತದೆ."

"ಏನ್ ಸಾಬ್ರೇ, ನಮ್ಮಪ್ಪ ಎಲ್ಲಾನೂ ನೀರಿಗೇ ಹಾಕ್ತಿದ್ದ."

"ನಿಮ್ಮಪ್ಪನ ಕಾಲದ ಕಬ್ಬಿಣ ಬೇರೆ ಆಚಾರ್ರೇ, ಇದು ಬೇರೆ."

ನಾವು ಒಂದು ಗಂಟೆ ಕೂತು ಕೇಳಿದೆವು. ಯಾವ ಕಬ್ಬಿಣ ಯಾವುದಕ್ಕೆ ಎಂಬುದೇ ಮಾತು. ಗ್ರೈಂಡರ್‌ಗೆ ಹಿಡಿದಾಗ ಕಿಡಿ ಉದ್ದ ಗೆರೆಯಾಗಿ ಸುಮ್ಮನೆ ಹಾರಿದರೆ ಅದು ಮೆದು ಕಬ್ಬಿಣ. ಕಿಡಿಯ ತುದಿ ಸುರುಸುರುಬತ್ತಿಯಂತೆ ಕವಲೊಡೆದರೆ ಅದರಲ್ಲಿ ಇಂಗಾಲವಿದೆ, ಹದ ಹಿಡಿಯುತ್ತದೆ. ಕಾದ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಂತಿತೆಂದರೆ ಹದ ಹಾಕುವ ಬಿಸಿ ಹತ್ತಿರವಾಯಿತು. ಹದ ಹಾಕಿದ ಮೇಲೆ ಮತ್ತೆ ಸಣ್ಣಗೆ ಕಾಯಿಸುವಾಗ ಉಜ್ಜಿದ ಮೈ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಓಡುತ್ತದೆ. ಚಾಕುವಿಗೆ ಎಲ್ಲಿ ನಿಲ್ಲಿಸಬೇಕು, ಚಾಣಕ್ಕೆ ಎಲ್ಲಿ, ಸ್ಪ್ರಿಂಗಿಗೆ ಎಲ್ಲಿ ಎಂಬುದರ ಮೇಲೆ ಮೂವರಿಗೂ ಮೂರು ಅಭಿಪ್ರಾಯ. ಜಗಳವೆಂದುಕೊಳ್ಳಬೇಕು, ಅಷ್ಟು ಗಟ್ಟಿ ದನಿ. ನಡುವೆ ಚಹಾ ಬಂತು, ನಮಗೂ ಬಂತು.

ಈ ಮಾತಿಗೆ ನಮ್ಮ ನಾಡಿನಲ್ಲಿ ಒಂದು ಚರಿತ್ರೆಯಿದೆ. ಅದನ್ನು ಯಾರೂ ಬರೆದಿಡಲಿಲ್ಲ ಎಂಬುದೇ ಆ ಚರಿತ್ರೆಯ ಮುಖ್ಯ ಸಂಗತಿ.

ಊರಿನ ಕುಲುಮೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಮ್ಮಾರ ಆಯಗಾರನಾಗಿದ್ದ. ವರ್ಷವಿಡೀ ಕುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಗುದ್ದಲಿಗೆ ಬಾಯಿ ಹಾಕಿ ಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ರಾಗಿ ಸಿಗುತ್ತಿತ್ತು. ದುಡ್ಡಿನ ಲೆಕ್ಕವಿರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಕುಲುಮೆಯ ಮುಂದೆ ಇಡೀ ಊರೇ ಸೇರುತ್ತಿತ್ತು. ತನ್ನ ಸರದಿ ಬರುವವರೆಗೆ ರೈತನೇ ತಿದಿ ಒತ್ತುತ್ತಿದ್ದ, ತನ್ನ ಕುಳಕ್ಕೆ ತಾನೇ ಸಮ್ಮಟಿಗೆ ಎತ್ತುತ್ತಿದ್ದ. ಹೀಗೆ ಊರಿನ ಅರ್ಧ ಗಂಡಸರು ಅರೆ ಕಮ್ಮಾರರಾಗಿಯೇ ಬೆಳೆಯುತ್ತಿದ್ದರು. (ಕಮ್ಮಾರನ ಮನೆಯ ಹೆಂಗಸರೂ ತಿದಿ ಒತ್ತಿದ್ದಾರೆ, ಸಮ್ಮಟಿಗೆ ಎತ್ತಿದ್ದಾರೆ. ಬರೆದವರು ಅವರನ್ನು ಎಣಿಸಿದ್ದು ಕಡಿಮೆ. ಇಂದು ಹೆದ್ದಾರಿ ಬದಿಯಲ್ಲಿ ಡೇರೆ ಹಾಕುವ ಉತ್ತರ ಭಾರತದ ಅಲೆಮಾರಿ ಕಮ್ಮಾರ ಕುಟುಂಬಗಳನ್ನು ನೋಡಿದವರಿಗೆ ಸಮ್ಮಟಿಗೆ ಯಾರ ಕೈಯಲ್ಲಿದೆ ಎಂದು ಹೇಳಬೇಕಾಗಿಲ್ಲ.)

ಕಬ್ಬಿಣದ ಕಸುಬು ಒಂದೇ ಜಾತಿಯ ಸೊತ್ತು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಕುಲುಮೆ ಪಾಂಚಾಳರದು, ವಿಶ್ವಕರ್ಮರದು ಎಂಬುದು ನಿಜ. ಆದರೆ ಕಬ್ಬಿಣ ಕುಲುಮೆಯಿಂದ ಹೊರಬಿದ್ದ ಮೇಲೆ ಅನೇಕ ಕೈಗಳನ್ನು ಹಾದುಹೋಗುತ್ತಿತ್ತು. ಎತ್ತು, ಕುದುರೆಗಳ ಗೊರಸಿಗೆ ಲಾಳ ಕಟ್ಟುವವರು ನಾಲಬಂದರು. ಆ 'ಲಾಳ' ಎಂಬ ಪದವೇ ಅರಬಿಯ 'ನಅಲ್', ಎಂದರೆ ಪಾದರಕ್ಷೆ ಎಂಬ ಪದದಿಂದ ಬಂದದ್ದು. ಕತ್ತಿ, ಚೂರಿಗಳನ್ನು ಮಸೆದು ಹೊಳಪು ಕೊಡುವವರು ಶಿಕ್ಕಲಿಗಾರರು. ಅರಬಿಯಲ್ಲಿ 'ಸೈಕಲ್' ಎಂದರೆ ಹೊಳಪು ಕೊಡುವವನು. ಸಾಣೆ ಹಿಡಿಯುವವರ ಹೆಸರಿಗೂ ನಾವು ತುಳಿಯುವ ಸೈಕಲ್ಲಿಗೂ ಸಂಬಂಧವಿಲ್ಲ! ಈ ಎರಡೂ ಮುಸ್ಲಿಮ್ ಕಸುಬುದಾರ ಸಮುದಾಯಗಳ ಹೆಸರು ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ-1ರ ಪಟ್ಟಿಯಲ್ಲಿ ಪಿಂಜಾರ, ನದಾಫ್‌ಗಳ ಜೊತೆಗಿವೆ. ಕಮ್ಮಾರ ಲಾಳ ಬಡಿದುಕೊಡಬೇಕು, ನಾಲಬಂದ ಕಟ್ಟಬೇಕು. ಕಮ್ಮಾರ ಅಲಗು ಎಳೆಯಬೇಕು, ಶಿಕ್ಕಲಿಗಾರ ಅದಕ್ಕೆ ಮೊನೆ ಕೊಡಬೇಕು. ಅಲಗು ಮುಕ್ಕಾದರೆ ತಪ್ಪು ಹದದ್ದೋ ಸಾಣೆಯದ್ದೋ ಎಂಬ ವಾದ ಇಬ್ಬರ ನಡುವೆ ಬರದೆ ಇದ್ದೀತೇ?

ಘೆಟ್ಟಿಪುರದ ಹದಿಮೂರು ಮಂದಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಎಷ್ಟಕ್ಕೆ ಮಾರುತ್ತದೆ ಎಂದು ಕಂಪೆನಿಗೆ ವರದಿ ಮಾಡುವುದು ಅವನ ಕೆಲಸ. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಮಾಗಡಿ ಸೀಮೆಯ ಒಂದು ಹಳ್ಳಿ ಬರುತ್ತದೆ. ಬುಕಾನನ್ ಅದನ್ನು 'ಘೆಟ್ಟಿಪುರ' ಎಂದು ಬರೆದಿದ್ದಾನೆ. ಅಲ್ಲಿ ಉಕ್ಕು ತಯಾರಾಗುತ್ತಿತ್ತು.

ವಿಧಾನ ಹೀಗೆ: ಹಸಿಮಣ್ಣಿನಲ್ಲಿ ಮಾಡಿದ ಶಂಕುವಿನಾಕಾರದ ಮೂಸೆ. ಅದರೊಳಗೆ ಕಬ್ಬಿಣದ ಬೆಣೆಯ ಒಂದು ತುಂಡು, ಮೂರು ರೂಪಾಯಿ ತೂಕದಷ್ಟು ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳವಿಟ್ಟು ಮೆತ್ತಿ ಒಣಗಿಸುವುದು. ನೆಲದೊಳಗೆ ತೋಡಿದ ಒಲೆಯಲ್ಲಿ ಇಂಥ ಮೂಸೆಗಳನ್ನು ಸುತ್ತಲೂ ಸಾಲಾಗಿ ಜೋಡಿಸಿ, ನಡುವೆ ಒಂದನ್ನಿಟ್ಟು, ಒಟ್ಟು ಹದಿನೈದು ಮೂಸೆಗಳಿಗೆ ಇದ್ದಿಲು ಮುಚ್ಚಿ ತಿದಿ ಒತ್ತುವುದು. ಸುಮಾರು ನಾಲ್ಕು ತಾಸು. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಕರಗಿ ಗಟ್ಟಿಯಾದ ಉಕ್ಕಿನ ಗಟ್ಟಿ. ಅದರ ಮೈ ಮೇಲೆ ಹರಳುಗಟ್ಟಿದ ಗೆರೆಗಳಿದ್ದರೆ ಪೂರ್ತಿ ಕರಗಿದೆ ಎಂದರ್ಥ. ಎಲ್ಲ ಮೂಸೆಗಳೂ ಹಾಗೆ ಗೆಲ್ಲುತ್ತಿರಲಿಲ್ಲ.

ಇದನ್ನು ಓದಿದವರು ಸಾಮಾನ್ಯವಾಗಿ ಕಡ್ಡಿ, ಎಲೆಗಳ ಬಗ್ಗೆ ಬೆರಗಾಗುತ್ತಾರೆ. ಗಿಡದ ಕಡ್ಡಿಯಿಂದ ಕಬ್ಬಿಣಕ್ಕೆ ಇಂಗಾಲ ಸೇರುತ್ತದೆ ಎಂಬುದು ಇಂದು ಶಾಲಾ ಮಕ್ಕಳಿಗೂ ಹೇಳಬಹುದಾದ ವಿಷಯ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬುಕಾನನ್ ಕೊಡುವ ಇನ್ನೊಂದು ಲೆಕ್ಕ. ಒಂದು ಒಲೆಗೆ ಹದಿಮೂರು ಜನ ಬೇಕು. ಮೂಸೆ ಮಾಡುವ, ತುಂಬುವ, ಬೆಂಕಿ ಕಟ್ಟುವ ಮೇಸ್ತ್ರಿ ಒಬ್ಬ. ಉಳಿದ ಹನ್ನೆರಡು ಮಂದಿ ಮೂವರಂತೆ ನಾಲ್ಕು ಪಾಳಿ. ಪ್ರತಿ ಪಾಳಿಯಲ್ಲಿ ಬೆಂಕಿ ನೋಡಲು ಒಬ್ಬ, ತಿದಿ ಒತ್ತಲು ಇಬ್ಬರು. ಇವರೆಲ್ಲ ಬೇಸಾಯಗಾರರು. ಹೊಲದ ಕೆಲಸದಿಂದ ಬಿಡುವಾದಾಗ ಬಂದು ಈ ಕೆಲಸ ಮಾಡುತ್ತಾರೆ!

ಜಗತ್ತು ಇಂದಿಗೂ ಬೆರಗಿನಿಂದ ಮಾತಾಡುವ ಉಕ್ಕನ್ನು ಘೆಟ್ಟಿಪುರದಲ್ಲಿ ಬಿಡುವಿನ ವೇಳೆಯ ರೈತರು ಮಾಡುತ್ತಿದ್ದರು. 'ಹವ್ಯಾಸಿಗಳು' ಎಂದು ಅವರನ್ನು ಕರೆದರೆ ತಪ್ಪಾದೀತು. ವರ್ತಕರು ಮುಂಗಡ ಕೊಡುತ್ತಿದ್ದರು, ನಾಲ್ಕು ಕಾಸು ಸಿಗುತ್ತಿತ್ತು, ಬಹುಶಃ ಆ ಕಾಸಿಲ್ಲದೆ ಕಂದಾಯ ಕಟ್ಟುವುದೂ ಕಷ್ಟವಿತ್ತು. ಆದರೆ ಪಾಳಿ ಮುಗಿಸಿದವನು ಎದ್ದು ಹೋಗುವ ಮುಂಚೆ ಪಾಳಿಗೆ ಬಂದವನಿಗೆ ಏನನ್ನೋ ಹೇಳಿರಲೇಬೇಕು. ಬೆಂಕಿ ಎಲ್ಲಿ ಕುಗ್ಗಿದೆ, ಯಾವ ಮೂಸೆಯ ಮೆತ್ತಿಗೆ ಬಿರುಕು ಬಿಟ್ಟಿದೆ, ಜ್ವಾಲೆಯ ಬಣ್ಣ ಯಾವಾಗ ತಿರುಗಿತು. ಹದಿಮೂರು ಮಂದಿಯ ಈ ಮಾತನ್ನು ಬುಕಾನನ್ ಬರೆಯಲಿಲ್ಲ. ಅವನಿಗೆ ಬೇಕಿದ್ದದ್ದು ತೂಕ, ಅಳತೆ, ಬೆಲೆ. ಅವನನ್ನು ದೂರಿ ಪ್ರಯೋಜನವಿಲ್ಲ, ಅವನಷ್ಟನ್ನಾದರೂ ನಮ್ಮವರು ಯಾರು ಬರೆದಿಟ್ಟರು?

ಈ ಉಕ್ಕು ಏನಾಗುತ್ತಿತ್ತು? ಕಲ್ಲುಕುಟಿಗರ ಚಾಣ, ಕತ್ತಿಯ ಅಲಗು, ಸಂಗೀತ ವಾದ್ಯಗಳ ತಂತಿ. ಚನ್ನಪಟ್ಟಣದ ಉಕ್ಕಿನ ತಂತಿ ಎಷ್ಟು ಹೆಸರಾಗಿತ್ತೆಂದರೆ ದೇಶದ ದೂರದೂರದ ಕಡೆಗಳಿಗೂ ಅದು ಹೋಗುತ್ತಿತ್ತು ಎಂದು ಬುಕಾನನ್ ಹೇಳುತ್ತಾನೆ. ಇಂದು ಬೊಂಬೆಗೆ ಹೆಸರಾದ ಊರು ಅಂದು ನಾದಕ್ಕೂ ಹೆಸರಾಗಿತ್ತು.

ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್‌ಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆಯಲಾಗಿದೆ. ಪರವಾಗಿಯೋ ವಿರೋಧವಾಗಿಯೋ ಬರೆಯುವವರಿಗೆ ಟಿಪ್ಪು ಕಾಣುತ್ತಾನೆ, ಕಮ್ಮಾರ ಕಾಣುವುದಿಲ್ಲ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಪ್ರಬಂಧ ಈ ದೃಷ್ಟಿಯಿಂದ ಬೇರೆಯದು. ಮೈಸೂರಿನ ರಾಕೆಟ್ ಬೇರೆಯವರ ರಾಕೆಟ್‌ಗಿಂತ ದೂರ ಹಾರಿದ್ದಕ್ಕೆ ಅವರು ಕೊಡುವ ಮುಖ್ಯ ಕಾರಣ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಬಡಿದು ಮಾಡಿದ ಮೆದು ಕಬ್ಬಿಣ ತಡೆಯುತ್ತಿತ್ತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಸಾವಿರ ಕೊಳವೆ ಎಂದರೆ ಎಷ್ಟು ಅಡಿಗಲ್ಲು, ಎಷ್ಟು ಸುತ್ತಿಗೆ, ಎಷ್ಟು ಜನ! ಅವರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ.

ಉಕ್ಕು 'ವೂಟ್ಜ್' ಆದದ್ದು

ಘೆಟ್ಟಿಪುರಕ್ಕೆ ಬುಕಾನನ್ ಹೋಗುವ ಮೊದಲೇ ಈ ಉಕ್ಕು ಲಂಡನ್ ತಲುಪಿತ್ತು. 1794ರಲ್ಲಿ ಮುಂಬೈಯಿಂದ ಡಾ. ಹೆಲೆನಸ್ ಸ್ಕಾಟ್ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕೆಲವು ಗಟ್ಟಿಗಳನ್ನು ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ. ಅಲ್ಲಿ ಅದರ ಹೆಸರು 'ವೂಟ್ಜ್'. ಇದು ಕನ್ನಡದ 'ಉಕ್ಕು' ಪದವೇ, ಬರೆದುಕೊಳ್ಳುವಾಗಲೋ ಓದುವಾಗಲೋ ಕೆಟ್ಟು ಹೀಗಾಗಿದೆ ಎಂಬುದು 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನ ಕಾಲದಿಂದ ಹೆಚ್ಚಿನವರು ಒಪ್ಪುವ ವಿವರಣೆ. ಒಂದು ಕನ್ನಡ ಪದ ಹೀಗೆ ಲೋಹಶಾಸ್ತ್ರದ ಪುಸ್ತಕ ಸೇರಿತು. ಸೇರುವಾಗ ಗುರುತು ಸಿಗದಷ್ಟು ಬದಲಾಯಿತು.

ಯುರೋಪಿನ ಮೇಧಾವಿಗಳು ಇದರ ಗುಟ್ಟು ಒಡೆಯಲು ಮುಂದಾದರು. ಅವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಫ್ಯಾರಡೆ ಒಬ್ಬ ಕಮ್ಮಾರನ ಮಗ ಎಂಬುದನ್ನು ಇಲ್ಲಿ ನೆನೆಯಬೇಕು. 1819ರಿಂದ ಕೆಲವು ವರ್ಷ ಆತ, ಚೂರಿ ಮತ್ತು ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬವನ ಜೊತೆ ಸೇರಿ ಈ ಉಕ್ಕನ್ನು ಪರೀಕ್ಷಿಸಿದ. ಬೆಳ್ಳಿ, ಪ್ಲಾಟಿನಂ ಎಲ್ಲ ಬೆರೆಸಿ ನೋಡಿದ. ಹೊಸ ಮಿಶ್ರಲೋಹಗಳು ಸಿಕ್ಕವು, ಅವುಗಳಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಟ್ಟ. ಆದರೆ ದಮಾಸ್ಕಸ್ ಕತ್ತಿಯ ಮೈ ಮೇಲಿನ ನೀರಲೆಯ ಚಿತ್ತಾರ ಹೇಗೆ ಬರುತ್ತದೆಂಬುದು ಬಿಡಿಸಲಾಗದೆ ಉಳಿಯಿತು. ಯುರೋಪಿನ ಕಮ್ಮಾರರು ಈ ಗಟ್ಟಿಯನ್ನು ತಮ್ಮ ರೂಢಿಯಂತೆ ಬಿಳಿ ಬಿಸಿಗೆ ಕಾಯಿಸಿ ಸುತ್ತಿಗೆ ಹಾಕಿದರೆ ಅದು ಪುಡಿಯಾಗುತ್ತಿತ್ತು. ಇಂಗಾಲ ಹೆಚ್ಚಿರುವ ಉಕ್ಕನ್ನು ಕಡಿಮೆ ಕೆಂಪಿನಲ್ಲಿ, ತಾಳ್ಮೆಯಿಂದ, ಸಣ್ಣ ಪೆಟ್ಟುಗಳಲ್ಲಿ ಎಳೆಯಬೇಕು. ಗಟ್ಟಿ ಹಡಗಿನಲ್ಲಿ ಹೋಯಿತು, ಅದರ ಜೊತೆ ಹೋಗಬೇಕಾಗಿದ್ದ ಮಾತು ಹೋಗಲಿಲ್ಲ.

ಆ ಮಾತು ಹೋಗುತ್ತಿದ್ದ ಇನ್ನೊಂದು ಹಳೆಯ ದಾರಿಯಿತ್ತು. ಅರಬಿ ಭಾಷೆಯಲ್ಲಿ ಒಳ್ಳೆಯ ಕತ್ತಿಗೆ 'ಮುಹನ್ನದ್' ಎನ್ನುತ್ತಾರೆ, ಹಿಂದ್‌ನದು ಎಂದರ್ಥ. ಒಂಬತ್ತನೇ ಶತಮಾನದಲ್ಲಿ ತತ್ವಜ್ಞಾನಿ ಅಲ್-ಕಿಂದಿ ಖಲೀಫ ಮುಅ್‌ತಸಿಮ್‌ಗಾಗಿ ಕತ್ತಿಗಳ ಮೇಲೆ ಒಂದು ಗ್ರಂಥ ಬರೆದ. ಯಾವ ನಾಡಿನ ಉಕ್ಕು, ಯಾವ ನಾಡಿನ ಕಮ್ಮಾರಿಕೆ, ಮೈಬಣ್ಣ ಹೇಗೆ, ಗೆರೆ ಹೇಗೆ ಎಂದು ಅಲ್ಲಿ ವಿಂಗಡಿಸಿದ್ದಾನೆ. ಓದಿದರೆ ಕತ್ತಿ ಬಜಾರಿನಲ್ಲಿ ಕುಳಿತು ಕಸುಬುದಾರರ ಮಾತು ಕೇಳಿಸಿಕೊಂಡವನ ಬರಹವೆನಿಸುತ್ತದೆ.

ಬಹಳ ಕಾಲದ ನಂತರ, 1820ರ ದಶಕದ ಆರಂಭದಲ್ಲಿ ಹೆನ್ರಿ ವಾಯ್ಸಿ ಎಂಬ ಭೂವಿಜ್ಞಾನಿ ಹೈದರಾಬಾದ್ ಸಂಸ್ಥಾನದ ಕೋನಸಮುದ್ರಕ್ಕೆ ಹೋದ. ಅದು ಈಗ ತೆಲಂಗಾಣದಲ್ಲಿದೆ. ಅಲ್ಲಿನ ಉಕ್ಕಿನ ಒಲೆಗಳ ಬಳಿ ಅವನಿಗೆ ಸಿಕ್ಕಿದ್ದು ಇಸ್ಫಹಾನಿನ ಒಬ್ಬ ವರ್ತಕ, ಹಾಜಿ ಹುಸೈನ್. ಪರ್ಷಿಯಾದಿಂದ ಅಷ್ಟು ದೂರ ಬಂದು, ತಯಾರಿಕೆ ನಡೆಯುವ ಜಾಗದಲ್ಲೇ ಬೀಡುಬಿಟ್ಟು ಉಕ್ಕು ಕೊಳ್ಳುತ್ತಿದ್ದ. ಅವನು ಬಂದದ್ದು ಅದೇ ಮೊದಲೂ ಆಗಿರಲಿಲ್ಲ. ಪರ್ಷಿಯಾದಲ್ಲಿ ಇದನ್ನು ಮಾಡಲು ಯತ್ನಿಸಿ ಸೋತಿದ್ದಾರೆಂದು ಅವನೇ ವಾಯ್ಸಿಗೆ ಹೇಳಿದ. ಯಾವ ಭಾಷೆಯಲ್ಲಿ ಆ ಇರಾನಿ ಹಾಜಿ ಒಲೆಯ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದ? ಹರಕುಮುರುಕು ದಖ್ಖನಿಯಲ್ಲಿ ಇರಬಹುದೆಂದು ನಾವು ಊಹಿಸುತ್ತೇವೆ. ಕಸುಬಿನ ಮಾತಿಗೆ ಅಷ್ಟು ಸಾಕು. ಅತ್ತಿಬೆಲೆಯಲ್ಲೂ ನಾವು ಕೇಳಿದ ಮಾತಿನಲ್ಲಿ ಕನ್ನಡ, ತೆಲುಗು, ದಖ್ಖನಿ, ನಡುನಡುವೆ ತಮಿಳು ಎಲ್ಲವೂ ಇದ್ದವು.

ದಾವೂದ್(ಅ)ರ ಕಸುಬು

ಕಸುಬುದಾರರ ಒಡನಾಟವನ್ನು ಒಂದು ಶಿಸ್ತಾಗಿ ಬೆಳೆಸಿದ್ದು ಮುಸ್ಲಿಮ್ ನಾಡುಗಳ ಮರೆಯಬಾರದ ಸಂಗತಿ. 1330ರ ದಶಕದಲ್ಲಿ ಇಬ್ನ್ ಬತೂತ ಈಗಿನ ತುರ್ಕಿಯ ಅಂತಾಲ್ಯ ಪಟ್ಟಣಕ್ಕೆ ಬಂದಾಗ ಹಳೆಬಟ್ಟೆ ತೊಟ್ಟ ಒಬ್ಬಾತ ಅವನನ್ನೂ ಸಂಗಡಿಗರನ್ನೂ ಊಟಕ್ಕೆ ಕರೆದ. ಈ ಬಡವ ನಮಗೆಲ್ಲಿ ಊಟ ಹಾಕಿಯಾನು ಎಂದುಕೊಂಡರೆ, ಆತ ಚರ್ಮದ ಕೆಲಸಗಾರ, ಸುಮಾರು ಇನ್ನೂರು ಕಸುಬುದಾರರ ಬಳಗದ ಮುಖ್ಯಸ್ಥ! ಹಗಲು ದುಡಿದು, ಸಂಜೆ ಗಳಿಕೆಯನ್ನು ತಂದು ಒಂದೆಡೆ ಹಾಕಿ, ದಾರಿಹೋಕರನ್ನು ಕರೆದು ಉಣಿಸಿ, ಕೂತು ಹಾಡಿ ಮಾತಾಡುವುದು ಈ 'ಅಖಿ'ಗಳ ಕ್ರಮ. ಇಬ್ನ್ ಬತೂತ ಅವರನ್ನು ಮನಸಾರೆ ಹೊಗಳಿದ್ದಾನೆ.

ಪರ್ಷಿಯನ್ ಮತ್ತು ಉರ್ದುವಿನಲ್ಲಿ 'ಕಸಬನಾಮ'ಗಳೆಂಬ ಸಣ್ಣ ಹೊತ್ತಗೆಗಳಿವೆ. ಇವು ಪ್ರಶ್ನೋತ್ತರ ರೂಪದಲ್ಲಿರುತ್ತವೆ. ಈ ಕಸುಬಿನ ಮೊದಲ ಉಸ್ತಾದ್ ಯಾರು? ಕೆಲಸಕ್ಕೆ ಕೂರುವಾಗ ಏನು ಹೇಳಬೇಕು? ಕಮ್ಮಾರರಿಗೆ ಮೊದಲ ಉಸ್ತಾದ್ ಪ್ರವಾದಿ ದಾವೂದ್(ಅ). ಅವರಿಗಾಗಿ ಕಬ್ಬಿಣವನ್ನು ಮೆದುಗೊಳಿಸಲಾಯಿತೆಂದೂ ಅವರು ಕವಚ ನೇಯುತ್ತಿದ್ದರೆಂದೂ ಕುರ್‌ಆನ್ ಹೇಳುತ್ತದೆ, ಅದರ 57ನೇ ಅಧ್ಯಾಯದ ಹೆಸರೇ 'ಕಬ್ಬಿಣ'. ದೊರೆಯೂ ಆಗಿದ್ದ ಒಬ್ಬ ಪ್ರವಾದಿ ಕೈಕೆಲಸ ಮಾಡಿ ಉಂಡರು ಎಂಬ ನಂಬಿಕೆ ಮಸಿ ಹಿಡಿದ ಕೈಗಳಿಗೆ ಕೊಟ್ಟ ಗೌರವ ಸಣ್ಣದಲ್ಲ. 2024ರಲ್ಲಿ ಪ್ರಕಟವಾದ ಅಮಂಡಾ ಲಾನ್ಜಿಲೊ ಅವರ ಪುಸ್ತಕ ಬ್ರಿಟಿಷ್ ಕಾಲದ ಭಾರತದ ಮುಸ್ಲಿಮ್ ಕುಶಲಕರ್ಮಿಗಳನ್ನು ಕುರಿತೇ ಇದೆ. ರೈಲು, ಆವಿಯಂತ್ರ ಬಂದ ಮೇಲೂ ಅವರು ತಮ್ಮ ಕಸುಬನ್ನು ಧರ್ಮದ ಭಾಷೆಯಲ್ಲಿ ಅರ್ಥ ಮಾಡಿಕೊಂಡ ಬಗೆಯನ್ನು ಅದು ತೋರಿಸುತ್ತದೆ. ಇದೇ ನೆಲದ ಪಾಂಚಾಳ ಕಮ್ಮಾರರಿಗೆ ಕಸುಬಿನ ಮೂಲ ವಿಶ್ವಕರ್ಮ. ಎರಡು ಹೆಸರುಗಳು ಒಂದೇ ಅಡಿಗಲ್ಲಿನ ಎರಡು ಬದಿಯಲ್ಲಿ ನಿಂತು ಕೆಲಸ ಮಾಡಿದ್ದಕ್ಕೆ ನಮ್ಮ ಹಳ್ಳಿಗಳೇ ಸಾಕ್ಷಿ. ಆದರೆ ನಮ್ಮ ಸಮುದಾಯದ ಒಳಗೂ ನಾಲಬಂದ, ಶಿಕ್ಕಲಿಗಾರರ ಜೊತೆ ಸಂಬಂಧ ಬೆಳೆಸಲು ಹಿಂಜರಿಯುವವರಿದ್ದಾರೆ. ದಾವೂದ್(ಅ)ರ ಹೆಸರು ಮಗನಿಗಿಡುವವರೇ ದಾವೂದರ ಕಸುಬಿನವನಿಗೆ ಮಗಳನ್ನು ಕೊಡಲು ಒಲ್ಲೆನ್ನುತ್ತಾರೆ. ಇದನ್ನೂ ಹೇಳಬೇಕಲ್ಲ.

ಆರಿದ ಒಲೆ

ಘೆಟ್ಟಿಪುರದಂಥ ಒಲೆಗಳು ಆರಲು ಒಂದೇ ಕಾರಣವಿಲ್ಲ. 1740ರ ದಶಕದಲ್ಲಿ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಮೂಸೆ ಉಕ್ಕನ್ನು ಇಂಗ್ಲೆಂಡಿನಲ್ಲಿ ಮಾಡತೊಡಗಿದ್ದ. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಟನ್ನುಗಟ್ಟಲೆ ಉಕ್ಕು ಅಗ್ಗದಲ್ಲಿ ಸಿಕ್ಕಿತು. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ಇದ್ದಿಲು ಸುಡುವ ಕಾಡಿಗೆ ಬೇಲಿ ಬಿತ್ತು. 1878ರ ಶಸ್ತ್ರ ಕಾಯ್ದೆ ಕತ್ತಿಗಿದ್ದ ಗಿರಾಕಿಯನ್ನು ಕಿತ್ತುಕೊಂಡಿತು. ಹಡಗಿನಲ್ಲಿ ಬಂದ ಕಬ್ಬಿಣದ ಪಟ್ಟಿ ಸಂತೆಯಲ್ಲೇ ಸಿಗುವಾಗ ಹದಿಮೂರು ಮಂದಿ ರಾತ್ರಿ ನಿದ್ದೆಗೆಟ್ಟು ಹದಿನೈದು ಗಟ್ಟಿ ಏಕೆ ತೆಗೆಯಬೇಕು? 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದೂ ಮೊದಲು ಇದ್ದಿಲಿನಿಂದಲೇ ಉರಿದದ್ದು. ಅಷ್ಟರಲ್ಲಿ ಮೂಸೆ ಉಕ್ಕಿನ ಒಲೆ ಹೇಗಿತ್ತೆಂದು ಕೇಳಿದರೆ ಬುಕಾನನ್ ಪುಸ್ತಕ ತೆರೆಯಬೇಕಾದ ಕಾಲ ಬಂದಿತ್ತು.

ಆಮೇಲೆ ಈ ಕತೆ ಅನಿರೀಕ್ಷಿತ ಜಾಗದಲ್ಲಿ ಮುಂದುವರಿಯುತ್ತದೆ. 1969ರಲ್ಲಿ ಅಮೆರಿಕದ ಅಲೆಕ್ಸ್ ಬೀಲರ್ ಎಂಬವರು ಕಮ್ಮಾರಿಕೆಯ ಕಲೆಯ ಬಗ್ಗೆ ಒಂದು ಪುಸ್ತಕ ಬರೆದರು. ಕಸುಬು ಸತ್ತೇಹೋಯಿತು ಎಂಬಂತಿದ್ದ ಆ ದೇಶದಲ್ಲಿ 1973ರಲ್ಲಿ ಜಾರ್ಜಿಯಾದಲ್ಲಿ ಕಮ್ಮಾರರ ಸಂಘವೊಂದು ಹುಟ್ಟಿತು. ಇಂಥ ಬಳಗಗಳಲ್ಲಿ ಕುಲುಮೆಯಿಂದಲೇ ಬದುಕುವವರಿದ್ದಾರೆ, ಅವರ ಜೊತೆಗೆ ಬೇರೆ ಉದ್ಯೋಗ ಮಾಡಿಕೊಂಡು ರಜೆಯಲ್ಲಿ ಕಬ್ಬಿಣ ಬಡಿಯುವ ಹವ್ಯಾಸಿಗಳೂ ಇದ್ದಾರೆ. ಸೇರಿದಾಗ ಅವರು ಆಡುವ ಮಾತು ಅತ್ತಿಬೆಲೆಯಲ್ಲಿ ನಾವು ಕೇಳಿದ್ದೇ: ಯಾವ ಎಣ್ಣೆ, ಯಾವ ಬಣ್ಣ, ಏಕೆ ಬಿರಿಯಿತು.

ಕುದುರೆಗೆ ಲಾಳ ಕಟ್ಟುವ ಕಸುಬಿನ ಆಲ್ಫ್ರೆಡ್ ಪೆಂಡ್ರೆ ಫ್ಲಾರಿಡಾದವರು. ನಮ್ಮ ಭಾಷೆಯಲ್ಲಿ ನಾಲಬಂದರೇ. ಅವರು ಅಯೋವಾದ ಲೋಹಶಾಸ್ತ್ರದ ಪ್ರಾಧ್ಯಾಪಕ ಜಾನ್ ವರ್‌ಹೋವೆನ್ ಅವರ ಜೊತೆ ಕೂಡಿ ಮೂಸೆ ಉಕ್ಕನ್ನು ಮತ್ತೆ ಮಾಡಿ, ಅದರಿಂದ ನೀರಲೆಯ ಚಿತ್ತಾರದ ಅಲಗು ಎಳೆದರು. ಒಬ್ಬರು ಬಡಿದದ್ದನ್ನು ಇನ್ನೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಿ, ಮತ್ತೆ ಮಾತಾಡಿ, ಮತ್ತೆ ಬಡಿದು, ಹೀಗೆ ವರ್ಷಗಟ್ಟಲೆ. 1998ರಲ್ಲಿ ಅವರು ಕಂಡುಕೊಂಡದ್ದನ್ನು ಪ್ರಕಟಿಸಿದರು: ಚಿತ್ತಾರದ ಗುಟ್ಟು ಅದಿರಿನಲ್ಲೇ ಇರುವ ವನೇಡಿಯಂನಂಥ ಧಾತುಗಳಲ್ಲಿದೆ, ಅದೂ ಶೇ. 0.01ಕ್ಕಿಂತ ಕಡಿಮೆಯಿದ್ದರೂ ಸಾಕು. ಪೆಂಡ್ರೆ 2017ರಲ್ಲಿ ತೀರಿಕೊಂಡರು.

ನಮ್ಮ ವಾದಕ್ಕೆ ಇದು ಒಂದು ತೊಡಕು ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಗುಟ್ಟು ಅದಿರಿನಲ್ಲಿದ್ದರೆ, ಆ ಅದಿರಿನ ಗಣಿ ಮುಗಿದ ದಿನ ಕಸುಬೂ ಮುಗಿಯಿತು, ಮಾತಿನ ಪಾತ್ರವೇನು? ವರ್‌ಹೋವೆನ್ ಅವರೂ ಸುಮಾರಾಗಿ ಹಾಗೆಯೇ ಊಹಿಸುತ್ತಾರೆ: ಬೇರೆ ಅದಿರು ಬಂದಾಗ ಅಪ್ಪ ಹೇಳಿದಂತೆಯೇ ಮಾಡಿದರೂ ಮಗನಿಗೆ ಚಿತ್ತಾರ ಬರಲಿಲ್ಲ, ಮೊಮ್ಮಗ ಕೈಬಿಟ್ಟ. ಆದರೆ ನಮಗೆ ಕಾಣುವುದು ಇಷ್ಟು. ಇನ್ನೂರು ವರ್ಷ ಪ್ರಯೋಗಾಲಯಕ್ಕೆ ತೆರೆದುಕೊಳ್ಳದ ಬಾಗಿಲು ಒಬ್ಬ ಲಾಳಗಾರ ಮತ್ತು ಒಬ್ಬ ಪ್ರಾಧ್ಯಾಪಕ ಒಂದೇ ಒಲೆಯ ಮುಂದೆ ಕೂತಾಗ ತೆರೆಯಿತು. ಬೆಂಗಳೂರಿನಲ್ಲೂ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು 2004ರಲ್ಲಿ ಭಾರತದ ಈ ಉಕ್ಕಿನ ಬಗ್ಗೆ ಪುಸ್ತಕ ತಂದರು. ಆ ಬಗೆಯ ಪುಸ್ತಕ ಅತ್ತಿಬೆಲೆಯ ಕುಲುಮೆಗೆ ಕನ್ನಡದಲ್ಲಿ ತಲುಪಿದರೆ ಏನಾದೀತು ಎಂಬ ಕುತೂಹಲ ನಮಗಿದೆ. ಫ್ಯಾಕ್ಟರಿಯಲ್ಲಿ ದಿನವಿಡೀ ಉಕ್ಕಿನ ನಡುವೆ ಇರುವ ಹುಡುಗ 'ವೂಟ್ಜ್' ಪದ ಕೇಳಿದ್ದ, ಅದು ಉಕ್ಕು ಎಂದು ಅವನಿಗೆ ಗೊತ್ತಿರಲಿಲ್ಲ.

ಮತ್ತೆ ಆ ಸಂಜೆ

ಕುಲುಮೆಗೆ ಈಗ ಕುಳ ಬರುವುದಿಲ್ಲ, ಟ್ರ್ಯಾಕ್ಟರ್ ಬಂದಿದೆ. ಕುಡುಗೋಲು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಬರುವುದು ಹಾರೆ, ಗುದ್ದಲಿ, ಕಲ್ಲು ಕೆಲಸದವರ ಚಾಣ, ಆಯುಧಪೂಜೆಯ ಹೊತ್ತಿಗೆ ಮಚ್ಚು. ಅದಕ್ಕಿಂತ ಹೆಚ್ಚಾಗಿ ಒಂದು ಅಂಜಿಕೆ. ಬೆಂಗಳೂರಿನ ರೌಡಿಗಳ ಕೈಯಲ್ಲಿ 'ಲಾಂಗು' ಬಂದ ಮೇಲೆ ಎಲ್ಲಿ ಏನಾದರೂ ಮೊದಲು ವಿಚಾರಣೆ ಕಮ್ಮಾರನಿಗೆ. 1959ರ ಶಸ್ತ್ರ ಕಾಯ್ದೆಯಡಿಯ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಶಸ್ತ್ರವಾಗುತ್ತದೆ, ಮನೆ, ಬೇಸಾಯ, ಕೈಗಾರಿಕೆಯ ಬಳಕೆಯದಾದರೆ ವಿನಾಯಿತಿ. ಆಚಾರಿಯವರಿಗೆ ಕಾಯ್ದೆಯ ಅಕ್ಷರ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. "ಗುರುತಿಲ್ಲದೋರು ಬಂದು ಉದ್ದಕ್ಕೆ ಎಳ್ಕೊಡಿ ಅಂದ್ರೆ ಒಲೆ ಆರೋಗಿದೆ ಅಂತೀನಿ," ಎಂದರು. "ಉರೀತಾ ಇದ್ರೂ." ಮೆಕ್ಯಾನಿಕ್ ಚಾಚಾ ನಕ್ಕರು. ಮಚ್ಚಿಗೆ ಕೊಕ್ಕೆಯಿರಬೇಕು, ಇಲ್ಲದಿದ್ದರೆ ಅದು ಸೌದೆ ಕಡಿಯುವುದಕ್ಕಲ್ಲ ಎಂದು ಹುಡುಗನಿಗೆ ತಿಳಿಸಿ ಹೇಳಿದರು. ಮಗನನ್ನು ಈ ಕೆಲಸಕ್ಕೆ ತರಲಿಲ್ಲವೇ ಎಂದು ನಾವು ಆಚಾರಿಯವರನ್ನು ಕೇಳಿದೆವು. ಇಲ್ಲ ಎಂದರು, ಕಾರಣ ಹೇಳಲಿಲ್ಲ, ನಾವೂ ಕೆದಕಲಿಲ್ಲ.

ಕತ್ತಲಾಗುವ ಹೊತ್ತಿಗೆ ಹುಡುಗನ ಅಲಗು ಸರಿಯಾದ ಕೆಂಪಿಗೆ ಬಂತು. ಮೆಕ್ಯಾನಿಕ್ ಬೇಡವೆಂದರೂ, ಹಿಂದಿನ ಸಲ ಸರಿಹೋಗಿತ್ತೆಂಬ ಧೈರ್ಯದಲ್ಲಿ ಅವನು ನೀರಿನ ಬಾನಿಗೇ ಇಳಿಸಿದ. 'ಟಿಕ್' ಎಂಬ ಸಣ್ಣ ಸದ್ದು. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ತೆಗೆದು ಮಸಿ ಒರೆಸಿದರೆ ಅಂಚಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು.

ಯಾರೂ ಅವನನ್ನು ಬೈಯಲಿಲ್ಲ. ಆಚಾರಿಯವರು ಆ ತುಂಡನ್ನು ಅಡಿಗಲ್ಲಿನ ಅಂಚಿಗಿಟ್ಟು ಒಂದೇ ಪೆಟ್ಟಿಗೆ ಮುರಿದರು. ಮುರಿದ ಜಾಗವನ್ನು ಮೂವರೂ ಮೊಬೈಲಿನ ಬೆಳಕಿನಲ್ಲಿ ಬಾಗಿ ನೋಡಿದರು. ಕಾಳು ದಪ್ಪಗಿದೆ, ಬಿಸಿ ಹೆಚ್ಚಾಯಿತು ಎಂದು ಆಚಾರಿ. ಬಿಸಿ ಸರಿಯಿತ್ತು, ನೀರಿನದೇ ತಪ್ಪು ಎಂದು ಚಾಚಾ. ಇದೇ ಪಟ್ಟಾದ ಇನ್ನೊಂದು ತುಂಡು ಗ್ಯಾರೇಜಿನಲ್ಲಿದೆ, ಬರುವ ಭಾನುವಾರ ತರುತ್ತೇನೆ, ಜೊತೆಗೆ ಒಂದು ಡಬ್ಬ ಹಳೆ ಇಂಜಿನ್ ಆಯಿಲ್ ಕೂಡ ಎಂದರು. ನಾವು ಬಸ್ಸಿಗೆ ಹೊರಟಾಗಲೂ ಅವರ ವಾದ ಮುಗಿದಿರಲಿಲ್ಲ.